ಹೆಸರಿಗಿಂತ ಮೊದಲು ವಿವರಣೆ: ಫ್ರಾನ್ಸಿಸ್ ಬುಕಾನನ್ ಅವರ ಜೀವನ ಮತ್ತು ಒಂದು ಕಾಡುಹೂವಿನ ಪಾಠ

ಪ್ರೌಢಶಾಲೆಯ ವಿಜ್ಞಾನದಲ್ಲಿ ಜೀವಿಗಳ ವರ್ಗೀಕರಣದ ಘಟಕವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಕಡಿಮೆ. ಆರಿಸಿಕೊಂಡವರೂ ಸಾಮಾನ್ಯವಾಗಿ ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂಬ ಏಣಿಯನ್ನು ಕಪ್ಪುಹಲಗೆಯ ಮೇಲೆ ಬರೆದು, ಮಾವಿನ ವೈಜ್ಞಾನಿಕ ಹೆಸರನ್ನು ಬಾಯಿಪಾಠ ಮಾಡಿಸಿ ಪಾಠ ಮುಗಿಸುತ್ತಾರೆ. ಮಕ್ಕಳು ಹೆಸರನ್ನು ಕಲಿಯುತ್ತಾರೆ, ಗಿಡವನ್ನು ನೋಡುವುದಿಲ್ಲ. ಹೆಸರು ಹುಟ್ಟುವ ಮೊದಲು ಯಾರೋ ಒಬ್ಬರು ಆ ಗಿಡದ ಮುಂದೆ ಕುಳಿತು ಎಲೆ, ಕಾಂಡ, ದಳ, ಕೇಸರಗಳನ್ನು ಒಂದೊಂದಾಗಿ ನೋಡಿ ಬರೆದಿದ್ದರು ಎಂಬುದು ಪಾಠದಿಂದ ಬಿಟ್ಟುಹೋಗುತ್ತದೆ.

ಈ ಕೊರತೆಯನ್ನು ತುಂಬಲು ಜೀವನಚರಿತ್ರೆಯ ವಿಧಾನ ಒಳ್ಳೆಯ ಸಾಧನ. ಅದಕ್ಕೆ ದೂರದ ವಿಜ್ಞಾನಿಯನ್ನು ಹುಡುಕಬೇಕಾಗಿಲ್ಲ. ಜಾವಗಲ್, ಬಾಣಾವರ, ಹಳೇಬೀಡು, ಬೇಲೂರುಗಳ ಸುತ್ತಮುತ್ತ ಬೋಧನಾಭ್ಯಾಸಕ್ಕೆ ಹೋಗುವವರಿಗೆ ಹತ್ತಿರದಲ್ಲೇ ಒಂದು ಹೆಸರಿದೆ: ಫ್ರಾನ್ಸಿಸ್ ಬುಕಾನನ್. ಇತಿಹಾಸದ ಪಾಠದಲ್ಲಿ ನಾವು ಅವರನ್ನು 1800–1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಪ್ರವಾಸಿಯಾಗಿ ಮಾತ್ರ ಬಲ್ಲೆವು. ಮೂಲತಃ ಅವರು ವೈದ್ಯರು ಮತ್ತು ಸಸ್ಯವಿಜ್ಞಾನಿ.

ಬಾಲ್ಯ ಮತ್ತು ಶಿಕ್ಷಣ

ಬುಕಾನನ್ ಅವರು 1762ರ ಫೆಬ್ರವರಿ 15ರಂದು ಸ್ಕಾಟ್ಲೆಂಡಿನ ಪರ್ತ್‌ಶೈರ್ ಪ್ರಾಂತದ ಕ್ಯಾಲಂಡರ್ ಎಂಬ ಊರಿನ ಬಳಿ ಜನಿಸಿದರು. ತಂದೆ ಥಾಮಸ್ ಬುಕಾನನ್ ವೈದ್ಯರು. ತಾಯಿ ಎಲಿಜಬೆತ್ ಹ್ಯಾಮಿಲ್ಟನ್ ಮನೆತನದವರು. ಬುಕಾನನ್ ನಾಲ್ಕನೆಯ ಮಗ. ಅಂದಿನ ಪದ್ಧತಿಯಲ್ಲಿ ಕುಟುಂಬದ ಆಸ್ತಿ ಹಿರಿಯ ಮಗನಿಗೆ ಹೋಗುತ್ತಿತ್ತು, ಕಿರಿಯರು ತಮ್ಮ ಜೀವನವನ್ನು ತಾವೇ ರೂಪಿಸಿಕೊಳ್ಳಬೇಕಾಗಿತ್ತು. ಅವರು 1779ರಲ್ಲಿ ಗ್ಲಾಸ್ಗೋದಲ್ಲಿ ಪದವಿ ಪಡೆದು, 1783ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಶಿಕ್ಷಣ ಮುಗಿಸಿದರು.

ಅಂದು ಔಷಧಗಳೆಲ್ಲ ಬಹುಮಟ್ಟಿಗೆ ಗಿಡಗಳಿಂದಲೇ ಬರುತ್ತಿದ್ದುದರಿಂದ ವೈದ್ಯವಿದ್ಯಾರ್ಥಿಗಳು ಸಸ್ಯಶಾಸ್ತ್ರವನ್ನು ಕಲಿಯಬೇಕಾಗಿತ್ತು. ಎಡಿನ್‌ಬರೋದಲ್ಲಿ ಅದನ್ನು ಕಲಿಸುತ್ತಿದ್ದವರು ಜಾನ್ ಹೋಪ್. ಸ್ವೀಡನ್ನಿನ ಲಿನೇಯಸ್ ರೂಪಿಸಿದ ವರ್ಗೀಕರಣ ಕ್ರಮವನ್ನು ಬ್ರಿಟನ್ನಿನಲ್ಲಿ ಮೊದಮೊದಲು ತರಗತಿಗೆ ತಂದವರಲ್ಲಿ ಹೋಪ್ ಒಬ್ಬರು. ಶಿಕ್ಷಕ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಹೋಪ್ ತಮ್ಮ ಉಪನ್ಯಾಸಕ್ಕೆ ಗಿಡಗಳ ದೊಡ್ಡ ಚಿತ್ರಪಟಗಳನ್ನು ಬರೆಸಿ ಬಳಸುತ್ತಿದ್ದರು. ನಾವು ಇಂದು ಬೋಧನೋಪಕರಣ ಎಂದು ಕರೆಯುವುದನ್ನು ಅವರು ಇನ್ನೂರೈವತ್ತು ವರ್ಷಗಳಷ್ಟು ಹಿಂದೆಯೇ ತಯಾರಿಸಿದ್ದರು. ಚಿತ್ರದ ಜೊತೆಗೆ ತೋಟದ ಜೀವಂತ ಗಿಡವೂ ಅವರ ಪಾಠದಲ್ಲಿತ್ತು.

ಹೋಪ್ ಅವರ ಬಳಿ ಕಲಿತ ಇನ್ನೊಬ್ಬ ವಿದ್ಯಾರ್ಥಿ ಜೇಮ್ಸ್ ಎಡ್ವರ್ಡ್ ಸ್ಮಿತ್. ಲಿನೇಯಸ್ ಅವರ ಗಿಡಗಳ ಸಂಗ್ರಹ ಮತ್ತು ಪುಸ್ತಕಗಳನ್ನು 1784ರಲ್ಲಿ ಕೊಂಡು ಲಂಡನ್ನಿಗೆ ತಂದವರೂ, 1788ರಲ್ಲಿ ಲಿನೇಯನ್ ಸೊಸೈಟಿಯನ್ನು ಸ್ಥಾಪಿಸಿದವರೂ ಇವರೇ. ಬುಕಾನನ್ ಮತ್ತು ಸ್ಮಿತ್ ಅವರ ಸ್ನೇಹ ಜೀವನವಿಡೀ ಉಳಿಯಿತು. ಒಬ್ಬರು ಊರೂರು ಸುತ್ತಿ ಗಿಡ ತಂದರು, ಇನ್ನೊಬ್ಬರು ಅವಕ್ಕೆ ಹೆಸರಿಟ್ಟರು.

ಎಣಿಸಿ ಗುಂಪು ಮಾಡುವ ಕ್ರಮ

ಲಿನೇಯಸ್ ಅವರ ಕ್ರಮ ತುಂಬ ಸರಳ. ಅವರು ಸಸ್ಯಗಳನ್ನೆಲ್ಲ 24 ವರ್ಗಗಳಾಗಿ ವಿಂಗಡಿಸಿದರು. ಹೂಬಿಡುವ ಗಿಡಗಳಲ್ಲಿ ವರ್ಗವನ್ನು ಮುಖ್ಯವಾಗಿ ಕೇಸರಗಳಿಂದ, ಅವುಗಳ ಸಂಖ್ಯೆ ಮತ್ತು ಜೋಡಣೆಯಿಂದ, ನಿರ್ಧರಿಸಬೇಕು. ಅನೇಕ ವರ್ಗಗಳಲ್ಲಿ ಅದರೊಳಗಿನ ಗಣವನ್ನು ಶಲಾಕೆಗಳ ಸಂಖ್ಯೆಯಿಂದ ತಿಳಿಯಬೇಕು. ಆರು ಕೇಸರ, ಒಂದು ಶಲಾಕೆ ಇದ್ದರೆ ಅದು ಒಂದು ಗುಂಪು. ಆರು ಕೇಸರ, ಎರಡು ಶಲಾಕೆ ಇದ್ದರೆ ಅದೇ ವರ್ಗದ ಇನ್ನೊಂದು ಗುಂಪು.

ಈ ಕ್ರಮದ ದೊಡ್ಡ ಗುಣವೆಂದರೆ ಎಣಿಸಲು ಬರುವ ಯಾರಾದರೂ ಇದನ್ನು ಬಳಸಬಹುದು. ಪುಸ್ತಕಗಳ ರಾಶಿ ಬೇಡ, ಒಂದು ಭೂತಗನ್ನಡಿ ಸಾಕು. ದಾರಿಯಲ್ಲಿ ನಡೆಯುತ್ತ, ಡೇರೆಯಲ್ಲಿ ಕುಳಿತು, ಹಿಂದೆಂದೂ ನೋಡಿರದ ಗಿಡವನ್ನೂ ಒಂದು ಸ್ಥಾನಕ್ಕೆ ಸೇರಿಸಿಡಬಹುದು. ಬುಕಾನನ್ ಅವರಂಥ ಪ್ರವಾಸಿ ವೈದ್ಯರಿಗೆ ಇದು ಹೇಳಿ ಮಾಡಿಸಿದಂತಿತ್ತು.

ದೋಷವೂ ಅಲ್ಲೇ ಇತ್ತು. ಭತ್ತದ ಹೂವಿನಲ್ಲಿಯೂ ಆರು ಕೇಸರಗಳಿವೆ, ಈರುಳ್ಳಿಯ ಹೂವಿನಲ್ಲಿಯೂ ಆರು. ಆದ್ದರಿಂದ ಹುಲ್ಲಿನ ಜಾತಿಯ ಭತ್ತವೂ ಗಡ್ಡೆಯ ಈರುಳ್ಳಿಯೂ ಲಿನೇಯಸ್ ಅವರ ಒಂದೇ ವರ್ಗಕ್ಕೆ ಬಂದವು. ಭತ್ತದ ನಿಜವಾದ ಬಂಧುಗಳಾದ ಎಷ್ಟೋ ಹುಲ್ಲುಗಳು ಮೂರು ಕೇಸರಗಳ ವರ್ಗಕ್ಕೆ ಹೋದವು. ಎಣಿಕೆಯಿಂದ ಸ್ಥಾನ ಸಿಗುತ್ತದೆ, ಆದರೆ ಸಂಬಂಧ ತಿಳಿಯುವುದಿಲ್ಲ. ಇದು ಕೃತಕ ವರ್ಗೀಕರಣ, ಸಂಬಂಧಗಳನ್ನು ಅನುಸರಿಸುವುದು ಸಹಜ ವರ್ಗೀಕರಣ. ಈ ಎರಡರ ವ್ಯತ್ಯಾಸವನ್ನು ಭತ್ತ ಮತ್ತು ಈರುಳ್ಳಿಗಳ ಮೂಲಕ ಹೇಳಿದರೆ ಹಳ್ಳಿಯ ಮಕ್ಕಳಿಗೆ ಬೇರೆ ಉದಾಹರಣೆ ಬೇಕಾಗುವುದಿಲ್ಲ.

ಭಾರತಕ್ಕೆ

ಶಿಕ್ಷಣ ಮುಗಿದ ಮೇಲೆ ಬುಕಾನನ್ ಕೆಲವು ವರ್ಷ ಪೂರ್ವದೇಶಗಳಿಗೆ ಹೋಗುವ ವ್ಯಾಪಾರಿ ಹಡಗುಗಳಲ್ಲಿ ವೈದ್ಯರಾಗಿದ್ದರು. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದರು. ಮರುವರ್ಷವೇ ಕ್ಯಾಪ್ಟನ್ ಮೈಕೆಲ್ ಸೈಮ್ಸ್ ಅವರ ನೇತೃತ್ವದ ನಿಯೋಗದೊಂದಿಗೆ ಬರ್ಮಾದ ಆವಾ ರಾಜ್ಯಕ್ಕೆ ಹೋದರು. ವೈದ್ಯರಾಗಿ ಹೋದವರು ಗಿಡಗಳ ಮಾದರಿಗಳನ್ನೂ ಟಿಪ್ಪಣಿಗಳನ್ನೂ ಹೊತ್ತು ಮರಳಿದರು. 1798ರಲ್ಲಿ ಚಿತ್ತಗಾಂಗ್ ಸೀಮೆಯಲ್ಲಿ ಸಂಬಾರ ಬೆಳೆಗಳಿಗೆ ಯೋಗ್ಯವಾದ ಜಾಗಗಳನ್ನು ಹುಡುಕಲು ಅವರನ್ನೇ ಕಳುಹಿಸಲಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಕಂಪನಿಗೆ ಹೊಸ ಪ್ರಾಂತಗಳು ದೊರೆತವು. ಅಲ್ಲಿ ಏನು ಬೆಳೆಯುತ್ತದೆ, ಯಾವ ದನಗಳಿವೆ, ಕರಿಮೆಣಸು, ಶ್ರೀಗಂಧ, ಏಲಕ್ಕಿ, ಹತ್ತಿ ಎಷ್ಟು ಸಿಗುತ್ತವೆ, ಗಣಿಗಳೆಲ್ಲಿವೆ, ರೈತರ ಸ್ಥಿತಿ ಹೇಗಿದೆ ಎಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ 1800ರಲ್ಲಿ ಬುಕಾನನ್ ಅವರನ್ನು ನೇಮಿಸಿದರು. ಈ ಸಮೀಕ್ಷೆಯ ಉದ್ದೇಶ ನಮ್ಮ ನಾಡಿನ ಹಿತವಲ್ಲ, ಕಂಪನಿಯ ಲಾಭ. ಇದನ್ನು ತರಗತಿಯಲ್ಲಿ ಮುಚ್ಚಿಡಬಾರದು. ಬರೆಸಿದವರ ಉದ್ದೇಶ ಏನೇ ಇರಲಿ, ಬರೆದವರ ಕಣ್ಣು ಪ್ರಾಮಾಣಿಕವಾಗಿದ್ದರೆ ಆ ಬರವಣಿಗೆ ಮುಂದೆ ಬೇರೆಯವರಿಗೂ ಆಧಾರವಾಗುತ್ತದೆ. ಎರಡನ್ನೂ ಒಟ್ಟಿಗೆ ಹೇಳುವುದು ಶಿಕ್ಷಕರ ಕೆಲಸ.

ಮೈಸೂರು ಸೀಮೆಯಲ್ಲಿ

1800ರ ಏಪ್ರಿಲ್ 23ರಂದು ಮದ್ರಾಸಿನಿಂದ ಹೊರಟ ಬುಕಾನನ್ ಕೋಲಾರ, ಬೆಂಗಳೂರುಗಳ ಮೂಲಕ ಶ್ರೀರಂಗಪಟ್ಟಣಕ್ಕೆ ಬಂದರು. ಮೈಸೂರು ಸೀಮೆಯನ್ನು ಸುತ್ತಿ, ಕೊಯಮತ್ತೂರು, ಮಲಬಾರ್ ದಾಟಿ, ಕರಾವಳಿಯ ಉದ್ದಕ್ಕೂ ಮಂಗಳೂರು, ಹೊನ್ನಾವರಗಳ ಕಡೆ ಸಾಗಿದರು. ಘಟ್ಟ ಹತ್ತಿ ಬನವಾಸಿ, ಇಕ್ಕೇರಿ, ನಗರ, ಹರಿಹರ, ಚಿತ್ರದುರ್ಗ, ಹಿರಿಯೂರುಗಳನ್ನು ನೋಡಿ, 1801ರ ಬೇಸಿಗೆಯಲ್ಲಿ ಇಂದಿನ ಹಾಸನ ಜಿಲ್ಲೆಗೆ ಸೇರಿದ ಬಾಣಾವರ, ಹಳೇಬೀಡು, ಬೇಲೂರುಗಳ ಕಡೆ ಬಂದರು. ಬಾಣಾವರದಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲೇ ಜಾವಗಲ್ ಇದೆ. ಅಲ್ಲಿಂದ ಮತ್ತೆ ಶ್ರೀರಂಗಪಟ್ಟಣಕ್ಕೆ ಹೋಗಿ, 1801ರ ಜುಲೈ 6ರಂದು ಮದ್ರಾಸು ಮುಟ್ಟಿದರು. ಒಟ್ಟು ಹದಿನಾಲ್ಕು ತಿಂಗಳಿಗೂ ಹೆಚ್ಚಿನ ಪ್ರಯಾಣ.

ಅವರ ಕ್ರಮ ಹೀಗಿತ್ತು: ಹಗಲು ಪ್ರಯಾಣ, ತಂಗಿದ ಊರಿನಲ್ಲಿ ವಿಚಾರಣೆ, ದಿನದ ದಿನವೇ ಬರವಣಿಗೆ. ರೈತರನ್ನು ಬೇಸಾಯದ ಬಗ್ಗೆ, ನೇಕಾರರನ್ನು ಮಗ್ಗದ ಬಗ್ಗೆ, ಕಬ್ಬಿಣ ಕಾಯಿಸುವವರನ್ನು ಕುಲುಮೆಯ ಬಗ್ಗೆ ಕೇಳಿದರು. ಕಾಡಿಗೆ ಹೋದಾಗ ಮರಗಳ ಪಟ್ಟಿ ಮಾಡಿದರು. ಆ ಪಟ್ಟಿಗಳಲ್ಲಿ ಕನ್ನಡದ ಹೆಸರೂ ಇದೆ, ಯಾವ ಮರ ಯಾವ ಕೆಲಸಕ್ಕೆ ಬರುತ್ತದೆ ಎಂಬ ಮಾಹಿತಿಯೂ ಇದೆ, ತಮಗೆ ತಿಳಿದಲ್ಲಿ ಸಸ್ಯಶಾಸ್ತ್ರದ ಹೆಸರೂ ಇದೆ. ಊರಿನವರ ಹೆಸರನ್ನು ಅವರು ತಪ್ಪು ಹೆಸರೆಂದು ಬಿಡಲಿಲ್ಲ. ಅಪರಿಚಿತ ನಾಡಿನಲ್ಲಿ ಅದೇ ಅವರ ಮೊದಲ ಆಧಾರವಾಗಿತ್ತು. ಆದರೆ ಆ ಹೆಸರುಗಳನ್ನು ಹೇಳಿಕೊಟ್ಟ ಮರ ಕಡಿಯುವವರ, ದನ ಕಾಯುವವರ, ವೈದ್ಯರ ಸ್ವಂತ ಹೆಸರುಗಳು ಬಹುತೇಕ ಎಲ್ಲಿಯೂ ದಾಖಲಾಗಲಿಲ್ಲ. ಮರದ ಹೆಸರು ಉಳಿಯಿತು, ಅದನ್ನು ಹೇಳಿದವರ ಹೆಸರು ಉಳಿಯಲಿಲ್ಲ.

ಈ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಕರ್ನಾಟಕದ ಆರ್ಥಿಕ, ಸಾಮಾಜಿಕ ಇತಿಹಾಸ ಬರೆಯುವವರೆಲ್ಲರೂ ಇಂದಿಗೂ ಇದನ್ನು ತೆರೆಯುತ್ತಾರೆ.

ಬಾಣಾವರ, ಜಾವಗಲ್ ಕಡೆಯ ಗಿಡಗಳ ದೃಷ್ಟಿಯಿಂದ ಅವರು ಬಂದ ಕಾಲ ಅನುಕೂಲದ್ದಲ್ಲ. ಬೇಸಿಗೆಯಲ್ಲಿ ನಮ್ಮ ಬಯಲುಸೀಮೆಯ ಎಷ್ಟೋ ಗಿಡಗಳು ನೆಲದ ಮೇಲೆ ಕಾಣಿಸುವುದೇ ಇಲ್ಲ. ಗಡ್ಡೆಯಾಗಿ ನೆಲದೊಳಗೆ ಮಲಗಿರುತ್ತವೆ, ಮಳೆ ಬಿದ್ದ ಮೇಲೆ ಮೇಲೆ ಬರುತ್ತವೆ. ಒಂದು ಸಲ ಹಾದುಹೋಗುವವರಿಗೆ ಒಂದು ಋತುವಿನ ಗಿಡಗಳು ಮಾತ್ರ ಸಿಗುತ್ತವೆ. ವರ್ಷಪೂರ್ತಿ ಇಲ್ಲಿಯೇ ಇರುವ ಶಾಲೆಯ ಮಗುವಿಗೆ ಬುಕಾನನ್ ಅವರಿಗಿಲ್ಲದ ಈ ಅನುಕೂಲ ಇದೆ.

ಎರಡು ಹೂವುಗಳು, ಒಂದು ಕುಟುಂಬ

ಹಾಗೆ ಮಳೆಗೆ ಕಾದು ಮೇಲೆ ಬರುವ ಗಿಡಗಳಲ್ಲಿ ಗೌರಿ ಹೂವು ಒಂದು. ಅಗ್ನಿಶಿಖೆ, ಶಿವಶಕ್ತಿ ಎಂಬ ಹೆಸರುಗಳೂ ಇದಕ್ಕಿವೆ. ಗಡ್ಡೆ ನೇಗಿಲಿನಂತೆ ಬಾಗಿ ಕವಲೊಡೆದಿರುವುದರಿಂದ ಸಂಸ್ಕೃತದಲ್ಲಿ ಲಾಂಗಲಿ ಎನ್ನುತ್ತಾರೆ. ಬೇಲಿಯ ಮೇಲೆ, ಕುರುಚಲು ಕಾಡಿನ ಅಂಚಿನಲ್ಲಿ ಹಬ್ಬುತ್ತದೆ. ಗೌರಿ ಹಬ್ಬದ ಹೊತ್ತಿಗೆ ಹೂ ಬಿಟ್ಟಿರುತ್ತದೆ.

ವಿವರಣೆ ಬರೆಯುವ ಕ್ರಮವನ್ನು ಈ ಗಿಡದ ಮೂಲಕ ತೋರಿಸಬಹುದು. ನೆಲದೊಳಗೆ ಕವಲಾದ ಗಡ್ಡೆ. ಅದರಿಂದ ಮೇಲೇಳುವ ಮೃದುವಾದ ಹಂಬು. ತೊಟ್ಟಿಲ್ಲದ, ಉದ್ದನೆಯ ಎಲೆಗಳು. ಅವುಗಳ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ಉದ್ದನೆಯ ತೊಟ್ಟಿನ ಮೇಲೆ ಒಂಟಿ ಹೂವು, ಮುಖ ಕೆಳಕ್ಕೆ. ದಳಗಳು ಆರು, ಅಂಚು ಅಲೆಅಲೆ, ಹಿಂದಕ್ಕೆ ಮಡಿಚಿ ಮೇಲಕ್ಕೆ ನಿಲ್ಲುತ್ತವೆ. ಬುಡದಲ್ಲಿ ಹಳದಿ, ಮೇಲೆ ಕೆಂಪು. ಹೂ ಹಳೆಯದಾದಂತೆ ಪೂರ್ತಿ ಕೆಂಪು. ಕೇಸರಗಳು ಆರು, ಸುತ್ತಲೂ ಹರಡಿರುತ್ತವೆ. ಶಲಾಕೆ ಒಂದು, ಬುಡದಲ್ಲಿಯೇ ಪಕ್ಕಕ್ಕೆ ಬಾಗಿ ತುದಿಯಲ್ಲಿ ಮೂರಾಗಿ ಸೀಳಿರುತ್ತದೆ. ಅಂಡಾಶಯದಲ್ಲಿ ಮೂರು ಕೋಣೆಗಳು. ಕಾಯಿ ಒಣಗಿ ಮೂರು ಭಾಗವಾಗಿ ಬಿರಿಯುತ್ತದೆ, ಒಳಗೆ ಕೆಂಪು ಬೀಜಗಳು.

ಈ ವಿವರಣೆಯಲ್ಲಿ ಚೆಂದ ಎಂಬ ಪದ ಒಮ್ಮೆಯೂ ಬರಲಿಲ್ಲ ಎಂಬುದನ್ನು ಮಕ್ಕಳಿಗೆ ತೋರಿಸಬೇಕು. ಬೇರು, ಕಾಂಡ, ಎಲೆ, ಹೂ, ಕಾಯಿ, ಬೀಜ ಎಂದು ಕೆಳಗಿನಿಂದ ಮೇಲಕ್ಕೆ, ಹೂವಿನಲ್ಲಿ ಹೊರಗಿನಿಂದ ಒಳಕ್ಕೆ ಅದು ಸಾಗುತ್ತದೆ. ಗಿಡವನ್ನೇ ನೋಡದವರೂ ಇದನ್ನು ಓದಿ ಬೇಲಿಯಲ್ಲಿ ಅದನ್ನು ಗುರುತಿಸಬಹುದು. ಅದೇ ಒಳ್ಳೆಯ ವಿವರಣೆಯ ಪರೀಕ್ಷೆ.

ಲಿನೇಯಸ್ ಈ ಗಿಡಕ್ಕೆ 1753ರಲ್ಲಿ ಗ್ಲೋರಿಯೋಸ ಸುಪರ್ಬ ಎಂದು ಹೆಸರಿಟ್ಟು, ಆರು ಕೇಸರ, ಒಂದು ಶಲಾಕೆಯ ಗುಂಪಿನಲ್ಲಿ ಇರಿಸಿದರು. ಅವರು ಭಾರತಕ್ಕೆ ಬಂದವರಲ್ಲ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಅವರು ಸ್ಥಳೀಯ ವೈದ್ಯರ ನೆರವಿನಿಂದ ಸಿದ್ಧಪಡಿಸಿ, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ಹೋರ್ಟಸ್ ಮಲಬಾರಿಕಸ್ ಗ್ರಂಥದಲ್ಲಿ ಈ ಹೂವಿನ ಚಿತ್ರ ಮೆಂದೋನಿ ಎಂಬ ಹೆಸರಿನಲ್ಲಿದೆ. ಮಲಬಾರಿನ ಗಿಡಗಳನ್ನು ಯುರೋಪಿನ ಪಂಡಿತರು ತಿಳಿದದ್ದು ಬಹುಮಟ್ಟಿಗೆ ಇಂಥ ಚಿತ್ರಗಳಿಂದ.

ಇನ್ನು ಎರಡನೆಯ ಹೂವು. ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ, ಮರಗಳು ಪೂರ್ತಿ ಚಿಗುರುವ ಮೊದಲೇ, ನೆಲದಿಂದ ಅರ್ಧ ಮೀಟರಿನಷ್ಟು ಎತ್ತರಕ್ಕೆ ಬೆಳೆಯುವ ಒಂದು ಗಿಡವಿದೆ. ಅದರ ಕಾಂಡ ಎಲೆಯನ್ನೇ ತೂರಿಕೊಂಡು ಹೋದಂತೆ ಕಾಣುತ್ತದೆ. ಹಳದಿ ಹೂವು ಗಂಟೆಯಂತೆ ತಲೆ ತಗ್ಗಿಸಿ ತೂಗುತ್ತದೆ. ದಳಗಳು ಆರು, ಉದ್ದವಾಗಿ ತುಸು ತಿರುಚಿರುತ್ತವೆ. ಕೇಸರಗಳು ಆರು. ಶಲಾಕೆ ತುದಿಯಲ್ಲಿ ಮೂರಾಗಿ ಸೀಳಿದೆ. ಕಾಯಿಗೆ ಮೂರು ಮೂಲೆಗಳು. ಬೀಜಕ್ಕೆ ಅಂಟಿದ ಕೊಬ್ಬಿನ ತುಣುಕಿನ ಆಸೆಗೆ ಇರುವೆಗಳು ಬೀಜವನ್ನು ಹೊತ್ತೊಯ್ದು ಹರಡುತ್ತವೆ. ಇದರ ಹೆಸರು ಯುವುಲೇರಿಯ ಗ್ರಾಂಡಿಫ್ಲೋರ. ಗಂಟಲಿನ ಕಿರುನಾಲಿಗೆಯಂತೆ ಹೂ ಇಳಿಬಿದ್ದಿರುವುದರಿಂದ ಆ ಜಾತಿಗೆ ಲಿನೇಯಸ್ ಹಾಗೆ ಹೆಸರಿಟ್ಟರು. ಈ ಪ್ರಭೇದಕ್ಕೆ ಹೆಸರು ಕೊಟ್ಟವರು ಬುಕಾನನ್ ಅವರ ಸ್ನೇಹಿತ ಸ್ಮಿತ್. ತಮ್ಮ ಎಕ್ಸಾಟಿಕ್ ಬಾಟನಿ ಎಂಬ ಚಿತ್ರಸಹಿತ ಗ್ರಂಥದಲ್ಲಿ, 1805ರ ಹೊತ್ತಿಗೆ, ಅವರು ಇದನ್ನು ವಿವರಿಸಿದರು. ಅದೇ ಗ್ರಂಥದಲ್ಲಿ ಬುಕಾನನ್ ನೇಪಾಳದಿಂದ ತಂದ ಗಿಡಗಳಿಗೂ ಸ್ಥಾನ ಸಿಕ್ಕಿತು. ನೇರಳೆ ಬಣ್ಣದ ರೋಸ್ಕೋಯಾ ಅವುಗಳಲ್ಲಿ ಒಂದು, ನಮ್ಮ ಶುಂಠಿಯ ಕುಟುಂಬದ ಗಿಡ.

ಗೌರಿ ಹೂವೂ ಯುವುಲೇರಿಯವೂ ನೋಟಕ್ಕೆ ಏನೇನೂ ಹೋಲುವುದಿಲ್ಲ. ಒಂದು ಬೇಲಿ ಹತ್ತುವ ಬೆಂಕಿಯ ಬಣ್ಣದ ಬಳ್ಳಿ, ಇನ್ನೊಂದು ತಣ್ಣನೆಯ ಕಾಡಿನ ನೆರಳಿನ ಸಣ್ಣ ಗಿಡ. ಲಿನೇಯಸ್ ಅವರ ಎಣಿಕೆಯಲ್ಲಿ ಎರಡೂ ಒಂದೇ ಗುಂಪು. ಮುಂದೆ ಸಹಜ ವರ್ಗೀಕರಣ ಬಂದಾಗ ಎರಡನ್ನೂ ಬಹುಕಾಲ ಲಿಲಿಯೇಸಿ ಎಂಬ ದೊಡ್ಡ ಕುಟುಂಬದಲ್ಲಿ ಇಟ್ಟರು. ಇತ್ತೀಚಿನ ದಶಕಗಳಲ್ಲಿ ಡಿಎನ್‌ಎ ಆಧಾರದ ಅಧ್ಯಯನಗಳು ಆ ದೊಡ್ಡ ಕುಟುಂಬವನ್ನು ಹಲವಾಗಿ ಒಡೆದವು. ಆಗಲೂ ಇವೆರಡು ಬೇರೆಯಾಗಲಿಲ್ಲ. ಒಟ್ಟಾಗಿಯೇ ಕೋಲ್ಚಿಕೇಸಿ ಕುಟುಂಬಕ್ಕೆ ಹೋದವು. ಎಣಿಕೆ ಭತ್ತ ಮತ್ತು ಈರುಳ್ಳಿಗಳ ವಿಷಯದಲ್ಲಿ ದಾರಿ ತಪ್ಪಿಸಿತು, ಇಲ್ಲಿ ದಾರಿ ತೋರಿಸಿತು. ವರ್ಗೀಕರಣ ಬದಲಾಗುತ್ತದೆ ಎಂದರೆ ಹಿಂದಿನವರು ದಡ್ಡರು ಎಂದಲ್ಲ. ಅವರು ಬರೆದಿಟ್ಟ ವಿವರಣೆ ಸರಿಯಾಗಿದ್ದುದರಿಂದಲೇ ಮುಂದಿನವರು ಗುಂಪನ್ನು ತಿದ್ದಲು ಸಾಧ್ಯವಾಯಿತು.

ಪಡೆದದ್ದು, ಕಳೆದುಕೊಂಡದ್ದು

ಮೈಸೂರಿನಿಂದ ಮರಳಿದ ಬುಕಾನನ್ 1802–03ರಲ್ಲಿ ನೇಪಾಳಕ್ಕೆ ಹೋಗುವ ನಿಯೋಗದೊಂದಿಗೆ ಕಾಠ್ಮಂಡುವಿನಲ್ಲಿದ್ದು ಅಲ್ಲಿನ ಗಿಡಗಳನ್ನು ಸಂಗ್ರಹಿಸಿದರು. 1804ರಲ್ಲಿ ಕಲ್ಕತ್ತೆಯ ಬಳಿಯ ಬ್ಯಾರಕ್‌ಪುರದಲ್ಲಿ ಪ್ರಾಣಿ ಅಧ್ಯಯನಕ್ಕಾಗಿ ಆರಂಭವಾದ ಸಂಸ್ಥೆಯನ್ನು ನೋಡಿಕೊಂಡರು. ಇಂಗ್ಲೆಂಡಿಗೆ ಹೋಗಿ ಬಂದು, 1807ರಿಂದ 1814ರವರೆಗೆ ಬಂಗಾಳ ಮತ್ತು ಬಿಹಾರದ ಜಿಲ್ಲೆಗಳನ್ನು ಒಂದೊಂದಾಗಿ ಸಮೀಕ್ಷೆ ಮಾಡಿದರು. ಏಳು ವರ್ಷಗಳ ಆ ಕೆಲಸದಲ್ಲಿ ಜನ, ಬೆಳೆ, ಕಟ್ಟಡ, ಗಿಡ, ಮೀನು ಎಲ್ಲವೂ ದಾಖಲಾದವು. ಭಾರತೀಯ ಚಿತ್ರಕಾರರು ಅವರಿಗಾಗಿ ಗಿಡಗಳನ್ನೂ ಮೀನುಗಳನ್ನೂ ಬರೆದುಕೊಟ್ಟರು. 1814ರಲ್ಲಿ ರಾಕ್ಸ್‌ಬರ್ಗ್ ಅವರ ನಂತರ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥರಾದರು. ಆದರೆ ಆರೋಗ್ಯ ಕೈಕೊಟ್ಟಿತ್ತು. ಮರುವರ್ಷವೇ ಊರಿಗೆ ಹೊರಟರು.

ಹೊರಡುವಾಗ ಅವರ ಬದುಕಿನ ದೊಡ್ಡ ಪೆಟ್ಟು ಬಿತ್ತು. ತಾವು ವರ್ಷಗಟ್ಟಲೆ ಮಾಡಿಸಿದ ಚಿತ್ರಗಳನ್ನು ಜೊತೆಗೆ ಒಯ್ಯಲು ಗವರ್ನರ್ ಜನರಲ್ ಆಗಿದ್ದ ಹೇಸ್ಟಿಂಗ್ಸ್ ಬಿಡಲಿಲ್ಲ. ಅವು ಸರ್ಕಾರದ ಆಸ್ತಿಯೆಂದು ಕಲ್ಕತ್ತೆಯಲ್ಲಿಯೇ ಉಳಿದವು. ಚಿತ್ರ ಮತ್ತು ಮಾದರಿ ಎದುರಿಗಿಲ್ಲದೆ ವಿವರಣೆಗಳನ್ನು ತಿದ್ದಿ ಅಚ್ಚಿಗೆ ಕೊಡುವುದು ಎಷ್ಟು ಕಷ್ಟ ಎಂಬುದು ಒಂದು ಹೂವನ್ನಾದರೂ ವಿವರಿಸಲು ಪ್ರಯತ್ನಿಸಿದವರಿಗೆ ಅರ್ಥವಾಗುತ್ತದೆ.

ಹೀಗೆ ಅವರ ಕೆಲಸದ ಹೆಚ್ಚಿನ ಭಾಗ ಬೇರೆಯವರ ಕೈಯಿಂದ ಹೊರಬಂತು. ನೇಪಾಳದ ಗಿಡಗಳನ್ನು ಡೇವಿಡ್ ಡಾನ್ 1825ರಲ್ಲಿ ಪ್ರಕಟಿಸಿದರು. ಅದಕ್ಕೇ ಇಂದಿಗೂ ಎಷ್ಟೋ ಸಸ್ಯನಾಮಗಳ ಕೊನೆಯಲ್ಲಿ ಬುಕ್.-ಹ್ಯಾಮ್. ಎಕ್ಸ್ ಡಿ. ಡಾನ್ ಎಂದು ಇರುತ್ತದೆ. ಹೆಸರು ಸೂಚಿಸಿದವರು ಬುಕಾನನ್, ವಿವರಣೆಯೊಂದಿಗೆ ಪ್ರಕಟಿಸಿದವರು ಡಾನ್ ಎಂದು ಇದರ ಅರ್ಥ. ಬಂಗಾಳ–ಬಿಹಾರದ ಸಮೀಕ್ಷೆಯನ್ನು ಮಾಂಟ್ಗೊಮೆರಿ ಮಾರ್ಟಿನ್ 1838ರಲ್ಲಿ ಸಂಕ್ಷೇಪಿಸಿ ಮೂರು ಸಂಪುಟಗಳಲ್ಲಿ ಹೊರತಂದರು. ಅದರ ಮುಖಪುಟದಲ್ಲಿ ಬುಕಾನನ್ ಅವರ ಹೆಸರೇ ಇರಲಿಲ್ಲ. ಕಾಡಿನ ಮರಗಳ ಹೆಸರು ಹೇಳಿದವರನ್ನು ಬುಕಾನನ್ ಹೆಸರಿಸಲಿಲ್ಲ. ಬುಕಾನನ್ ಅವರನ್ನು ಮಾರ್ಟಿನ್ ಹೆಸರಿಸಲಿಲ್ಲ. ಜ್ಞಾನ ಕೈಯಿಂದ ಕೈಗೆ ದಾಟುವಾಗ ಕೊಟ್ಟ ಕೈ ಮರೆಯಾಗುವುದನ್ನು ಈ ಒಂದೇ ಜೀವನದಲ್ಲಿ ಎರಡು ಕಡೆಯಿಂದಲೂ ನೋಡಬಹುದು.

ಕೊನೆಯ ವರ್ಷಗಳು

ಸ್ಕಾಟ್ಲೆಂಡಿನಲ್ಲಿ ಅಣ್ಣಂದಿರ ನಂತರ ಆಸ್ತಿ ಅವರಿಗೆ ಬಂತು. ತಾಯಿಯ ಕಡೆಯ ಆಸ್ತಿಯ ನಿಮಿತ್ತ 1818ರಲ್ಲಿ ಹ್ಯಾಮಿಲ್ಟನ್ ಎಂಬ ಉಪನಾಮ ಇಟ್ಟುಕೊಂಡರು. ಒಬ್ಬರೇ ವ್ಯಕ್ತಿ ಇತಿಹಾಸದಲ್ಲಿ ಬುಕಾನನ್, ಸಸ್ಯಶಾಸ್ತ್ರದಲ್ಲಿ ಬುಕಾನನ್-ಹ್ಯಾಮಿಲ್ಟನ್, ಮೀನುಗಳ ಪುಸ್ತಕದಲ್ಲಿ ಹ್ಯಾಮಿಲ್ಟನ್ ಆಗಿರುವುದಕ್ಕೆ ಇದು ಕಾರಣ. 1819ರಲ್ಲಿ ನೇಪಾಳದ ಬಗ್ಗೆ ಗ್ರಂಥ ಪ್ರಕಟಿಸಿದರು. 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥ ಬಂತು. ನಮ್ಮ ಕೆರೆಗಳಲ್ಲಿ ಸಾಕುವ ರೋಹು ಮತ್ತು ಕಾಟ್ಲಾ ಮೀನುಗಳ ವೈಜ್ಞಾನಿಕ ಹೆಸರಿನ ಮುಂದೆ ಇಂದಿಗೂ ಹ್ಯಾಮಿಲ್ಟನ್, 1822 ಎಂದು ಬರೆಯುತ್ತಾರೆ.

ಅದೇ ವರ್ಷದಿಂದ ಲಿನೇಯನ್ ಸೊಸೈಟಿಯ ಪತ್ರಿಕೆಯಲ್ಲಿ ಹೋರ್ಟಸ್ ಮಲಬಾರಿಕಸ್ ಗ್ರಂಥದ ಮೇಲೆ ಅವರ ವ್ಯಾಖ್ಯಾನ ಭಾಗಭಾಗವಾಗಿ ಬರತೊಡಗಿತು. ಹಳೆಯ ಚಿತ್ರದಲ್ಲಿರುವ ಗಿಡ ಇಂದಿನ ಯಾವ ಗಿಡ ಎಂದು ಗುರುತಿಸುವ ಕೆಲಸ ಅದು. ತಾವೇ ನಡೆದು ನೋಡಿದ ನಾಡಿನ ನೆನಪು ಅವರ ಜೊತೆಗಿತ್ತು. ಆದರೆ ಹನ್ನೆರಡು ಸಂಪುಟಗಳಲ್ಲಿ ಮೊದಲ ಕೆಲವನ್ನು ಮಾತ್ರ ಮುಟ್ಟಲು ಸಾಧ್ಯವಾಯಿತು. 1829ರ ಜೂನ್ 15ರಂದು ಅವರು ತೀರಿಕೊಂಡರು. ಮಾವಿನ ಕುಟುಂಬಕ್ಕೆ ಸೇರಿದ, ಚಾರೋಳಿ ಬೀಜ ಕೊಡುವ ಮರದ ಜಾತಿಗೆ ಬುಕನಾನಿಯ ಎಂಬ ಹೆಸರು 1802ರಲ್ಲಿಯೇ ಬಂದಿತ್ತು. ಅದು ಅವರ ಗೌರವಾರ್ಥ ಇಟ್ಟದ್ದು.

ಹಾಸನದಲ್ಲಿ ಮುಂದುವರಿದ ಕೆಲಸ

ಬುಕಾನನ್ ಹಾದುಹೋದ ನೂರೆಪ್ಪತ್ತು ವರ್ಷಗಳ ನಂತರ ಹಾಸನ ಜಿಲ್ಲೆಯ ಗಿಡಗಳನ್ನು ಸಮಗ್ರವಾಗಿ ವಿವರಿಸುವ ಕೆಲಸ ನಡೆಯಿತು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸಸ್ಯಶಾಸ್ತ್ರ ಅಧ್ಯಾಪಕರಾಗಿದ್ದ ಫಾದರ್ ಸಿಸಿಲ್ ಸಲ್ಡಾನ ಮತ್ತು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಅವರ ಸಂಪಾದಕತ್ವದಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1976ರಲ್ಲಿ ಪ್ರಕಟವಾಯಿತು. ಪಶ್ಚಿಮಘಟ್ಟದ ದಟ್ಟ ಕಾಡಿನಿಂದ ಅರಸೀಕೆರೆ ಕಡೆಯ ಒಣ ಕುರುಚಲಿನವರೆಗೆ ಹರಡಿದ ಜಿಲ್ಲೆ ಇದು. ಸಹಯೋಗದ ನೆನಪಿಗೆ ಸಲ್ಡಾನ ಅವರು 1974ರಲ್ಲಿ ಘಟ್ಟದ ಮರಗಳ ಮೇಲೆ ಬೆಳೆಯುವ ಆರ್ಕಿಡ್ ಜಾತಿಯೊಂದಕ್ಕೆ ಸ್ಮಿತ್‌ಸೋನಿಯ ಎಂದು ಹೆಸರಿಟ್ಟರು. ಮುಂದೆ ನಿಕೋಲ್ಸನ್ ಅವರು ಸುರೇಶ್ ಮತ್ತು ಮಣಿಲಾಲ್ ಅವರೊಂದಿಗೆ ಸೇರಿ 1988ರಲ್ಲಿ ಹೋರ್ಟಸ್ ಮಲಬಾರಿಕಸ್ ಗ್ರಂಥದ ಪೂರ್ಣ ವಿವೇಚನೆಯನ್ನು ಹೊರತಂದರು. ಬುಕಾನನ್ ಅರ್ಧಕ್ಕೆ ಬಿಟ್ಟ ಕೆಲಸವನ್ನು ಹೀಗೆ ಹಾಸನದ ಗಿಡಗಳನ್ನು ಬಲ್ಲ ಒಬ್ಬರು ಇತರರೊಡನೆ ಸೇರಿ ಮುಗಿಸಿದರು.

ತರಗತಿಯಲ್ಲಿ

ಈ ಜೀವನವನ್ನು ಎರಡು ಅವಧಿಗಳ ಪಾಠವಾಗಿ ಯೋಜಿಸಬಹುದು. ಮೊದಲ ಅವಧಿಯಲ್ಲಿ ನಕ್ಷೆಯ ಮೇಲೆ ಬುಕಾನನ್ ಅವರ ದಾರಿಯನ್ನು ಗುರುತಿಸಿ, ಮಕ್ಕಳ ಊರು ಆ ದಾರಿಯಿಂದ ಎಷ್ಟು ದೂರ ಎಂದು ಅಳೆಯಿಸುವುದು. ಎರಡನೆಯ ಅವಧಿಯಲ್ಲಿ ಮಕ್ಕಳನ್ನು ನಾಲ್ವರ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೆ ಒಂದು ಹೂವು ಕೊಟ್ಟು, ಹೆಸರು ಬರೆಯದೆ ವಿವರಣೆ ಮಾತ್ರ ಬರೆಸುವುದು. ಆ ವಿವರಣೆಯನ್ನು ಇನ್ನೊಂದು ಗುಂಪು ಓದಿ, ಮೇಜಿನ ಮೇಲಿರುವ ಹೂಗಳಲ್ಲಿ ಅದು ಯಾವುದೆಂದು ಹುಡುಕಬೇಕು. ಹುಡುಕಲು ಆಗದಿದ್ದರೆ ವಿವರಣೆಯಲ್ಲಿ ಏನು ಬಿಟ್ಟುಹೋಗಿದೆ ಎಂದು ಎರಡೂ ಗುಂಪುಗಳು ಚರ್ಚಿಸಬೇಕು. ಮೌಲ್ಯಮಾಪನಕ್ಕೆ ಬೇರೆ ಪ್ರಶ್ನೆಪತ್ರಿಕೆ ಬೇಡ.

ಹೂಗಳನ್ನು ಆರಿಸುವಾಗ ಒಂದು ಎಚ್ಚರ ಅಗತ್ಯ. ಗೌರಿ ಹೂವಿನ ಗಿಡದ ಎಲ್ಲ ಭಾಗಗಳಲ್ಲೂ, ಮುಖ್ಯವಾಗಿ ಗಡ್ಡೆ ಮತ್ತು ಬೀಜದಲ್ಲಿ, ಕೋಲ್ಚಿಸಿನ್ ಎಂಬ ಘೋರ ವಿಷವಿದೆ. ಅದನ್ನು ಬೇಲಿಯಲ್ಲಿಯೇ ತೋರಿಸಬೇಕು, ಮಕ್ಕಳ ಕೈಗೆ ಕೊಡಬಾರದು. ಗುಂಪು ಚಟುವಟಿಕೆಗೆ ದಾಸವಾಳ, ತುಂಬೆ, ಈರುಳ್ಳಿ ಹೂ, ಹುಚ್ಚೆಳ್ಳಿನ ಹೂಗಳು ಸಾಕು.

ಪ್ರತಿ ವಿವರಣೆಯ ಕೊನೆಗೆ ಒಂದು ಸಾಲನ್ನು ಕಡ್ಡಾಯವಾಗಿ ಸೇರಿಸಿ. ಈ ಗಿಡಕ್ಕೆ ನಮ್ಮ ಊರಿನಲ್ಲಿ ಏನೆನ್ನುತ್ತಾರೆ, ಅದನ್ನು ನನಗೆ ಹೇಳಿಕೊಟ್ಟವರು ಯಾರು ಎಂದು ಮಗು ಬರೆಯಲಿ. ಅಜ್ಜಿಯೋ ದನ ಕಾಯುವ ಚಿಕ್ಕಪ್ಪನೋ ಆಗಿರಬಹುದು. ಬುಕಾನನ್ ಅವರ ಮೂರು ಸಂಪುಟಗಳಲ್ಲಿ ಬಿಟ್ಟುಹೋದ ಆ ಒಂದು ಕಲಮನ್ನು ನಮ್ಮ ಶಾಲೆಗಳ ನೋಟುಪುಸ್ತಕಗಳಲ್ಲಿ ತುಂಬಿಸುವುದು ಕಷ್ಟವೇನಲ್ಲ.